ಇಬ್ಬರು ಸಾಹೇಬರ ಬಾಯಿಗೆ ಒಂದು ಹೆಸರು

ದನಕ್ಕೆ ಹೆಸರಿಡುವಾಗ ನಾವು ಹೆಚ್ಚು ಯೋಚಿಸುವುದಿಲ್ಲ. ಕೆಂಪಗಿದ್ದರೆ ಕೆಂದ, ಕರ್ರಗಿದ್ದರೆ ಕರಿಯ. ಅದು ಕರೆದರೆ ಬರುತ್ತದೆ, ಹಾಕಿದ್ದು ತಿನ್ನುತ್ತದೆ, ಹೆಸರಿನ ಮೇಲೆ ತಕರಾರು ತೆಗೆಯುವುದಿಲ್ಲ. ನನ್ನ ತಮ್ಮನ ಮಗ ಮಾತ್ರ ಹುಟ್ಟಿ ಮೂರು ತಿಂಗಳಾದರೂ ಹೆಸರಿಲ್ಲದೆ ತಾಯಿಯ ತವರಾದ ಸಿಂಧನೂರಿನ ತೊಟ್ಟಿಲಲ್ಲಿ ಮಲಗಿ ಮುಷ್ಟಿ ಚೀಪುತ್ತಿದ್ದ. ಅವನಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಕೊರತೆಯೆಲ್ಲ ನಮಗೆ. ಆ ದಿನಗಳಲ್ಲಿ ಲಿಂಗಸುಗೂರಿನ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು, ಬೇಳೆ ತಳ ಹಿಡಿದದ್ದು, ನಾನು ಉಪ್ಪು ಹಾಕಿದ ಪಲ್ಯಕ್ಕೆ ಮತ್ತೊಮ್ಮೆ ಉಪ್ಪು ಹಾಕಿದ್ದು, ಎಲ್ಲಕ್ಕೂ ಆ ಇಲ್ಲದ ಹೆಸರೇ ಕಾರಣ. ಮನೆಗೆ ಬೆಂಕಿ ಬೀಳಲಿಲ್ಲ, ಅಷ್ಟು ಮಲ್ಲಯ್ಯನ ದಯೆ.

ತಮ್ಮ ಎಂದರೆ ಗುರುಶಾಂತ. ಪಾಂಡಿಚೇರಿಯಲ್ಲಿ ಶೇಂಗಾ ವ್ಯಾಪಾರದ ಒಂದು ಕಂಪನಿಯಲ್ಲಿ ಗುಮಾಸ್ತ. ನಮ್ಮ ಸೀಮೆಯ ಶೇಂಗಾ ರಾಯಚೂರಿನಲ್ಲಿ ರೈಲು ಹತ್ತಿ ಸಮುದ್ರದ ದಂಡೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಫ್ರೆಂಚರ ದೇಶಕ್ಕೆ ಹೋಗಿ ಎಣ್ಣೆಯಾಗುತ್ತದಂತೆ. ಶೇಂಗಾದ ಹಿಂದೆ ಹಿಂದೆ ನನ್ನ ತಮ್ಮನೂ ಹೋದ; ಪುಣ್ಯಕ್ಕೆ ಹಡಗು ಹತ್ತದೆ ದಂಡೆಯಲ್ಲೇ ನಿಂತ. ಆ ಊರು ಫ್ರೆಂಚರದು, ಅದರ ಸುತ್ತಲಿನ ಸೀಮೆಯೆಲ್ಲ ಇಂಗ್ಲಿಷರದು. ಕಂಪನಿಯಲ್ಲೂ ಹಾಗೆಯೇ. ದೊಡ್ಡ ಕುರ್ಚಿಯಲ್ಲಿ ಫ್ರೆಂಚ್ ಸಾಹೇಬ, ಅವನ ಎದುರು ಹಡಗಿನ ವ್ಯವಹಾರ ನೋಡಿಕೊಳ್ಳುವ ಇಂಗ್ಲಿಷ್ ಸಾಹೇಬ, ನಡುವೆ ನಮ್ಮ ಗುರುಶಾಂತ. ಮಗ ಹುಟ್ಟಿದ ಸುದ್ದಿ ಮುಟ್ಟಿದ ಕೂಡಲೆ ಅವನು ಉದ್ದನೆಯ ರಜೆ ಹಾಕಿ ಬಂದ. ಬಂದವನು ಸಿಂಧನೂರಿಗೆ ಹೋಗಿ ಕೂಸಿನ ಮುಖ ನೋಡಿ, ತಿರುಗಿ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ಹೇಳಿದ್ದು ಒಂದೇ ಮಾತು. ಮಗನಿಗೆ ಇಡುವ ಹೆಸರು ಫ್ರೆಂಚರ ಬಾಯಲ್ಲೂ ಇಂಗ್ಲಿಷರ ಬಾಯಲ್ಲೂ ಮುರಿಯದೆ ಬರಬೇಕು. ಮುಂದೆ ಅವನು ಓದುವುದು ಫ್ರೆಂಚ್ ಶಾಲೆಯಲ್ಲಿ, ಆಮೇಲೆ ಮದ್ರಾಸಿನ ಇಂಗ್ಲಿಷ್ ಕಾಲೇಜಿನಲ್ಲಿ. ಕೂಸಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ, ಕಾಲೇಜು ಮಾತ್ರ ನಿಂತುಬಿಟ್ಟಿತ್ತು.

ಹೆಸರಿಗೇನು ಬರ, ನಮ್ಮ ಶಿವನೊಬ್ಬನಿಗೇ ಸಾವಿರ ಹೆಸರಿವೆ ಎಂದುಕೊಂಡು ನಾನು ರೊಟ್ಟಿ ಬಡಿಯುತ್ತಲೇ ಒಂದೊಂದಾಗಿ ಹೇಳತೊಡಗಿದೆ. ಅವನು ಒಂದೊಂದನ್ನೂ ಮೊದಲು ಮೂಗಿನಲ್ಲಿ, ಆಮೇಲೆ ತುಟಿಯ ತುದಿಯಲ್ಲಿ ಹೇಳಿ ನೋಡಿ ತಲೆ ಅಲ್ಲಾಡಿಸಿದ. ಮೂಗಿನದು ಫ್ರೆಂಚ್, ತುಟಿಯದು ಇಂಗ್ಲಿಷ್. ಫ್ರೆಂಚರಿಗೆ ಹಕಾರ ಇಲ್ಲವಂತೆ; ಹನುಮಂತ ಎಂದರೆ ಅನುಮಂತನಾಗುತ್ತಾನೆ. ರಕಾರವನ್ನು ಅವರು ಗಂಟಲಿನಲ್ಲಿ ಕಫ ಕಿತ್ತಂತೆ ಹೇಳುತ್ತಾರಂತೆ. ಹಾಗಾಗಿ ಈರಣ್ಣ, ಅಮರಪ್ಪ, ಶರಣಪ್ಪ ಎಲ್ಲರೂ ಹೊರಗೆ. ಇಂಗ್ಲಿಷರಿಗೆ ಣ ಇಲ್ಲ, ಳ ಇಲ್ಲ, ಒತ್ತಕ್ಷರ ಕಂಡರೆ ಮೈಲು ದೂರ ಓಡುತ್ತಾರೆ. ಉದ್ದವಾದರೆ ಇಬ್ಬರೂ ಕತ್ತರಿಸುತ್ತಾರೆ. ಹಿಟ್ಟು ಸಾಣಿಸುವ ನನಗೆ ಸಾಣಿಗೆಯ ಸಂಗತಿ ಗೊತ್ತು. ಒಂದು ಸಾಣಿಗೆಯಲ್ಲಿ ತೌಡು ನಿಲ್ಲುತ್ತದೆ. ಎರಡು ಸಾಣಿಗೆ ಒಂದರ ಮೇಲೊಂದು ಹಿಡಿದರೆ ಹಿಟ್ಟೂ ಕೆಳಗೆ ಬೀಳುವುದಿಲ್ಲ ಎಂದು ಅಂದು ತಿಳಿಯಿತು.

ಸಾಲದ್ದಕ್ಕೆ ನಮ್ಮ ಮನೆಯವರು ಮೂರನೆಯ ಸಾಣಿಗೆ ತಂದರು. ಅವರು ತಹಶೀಲ ಕಚೇರಿಯಲ್ಲಿ ಅಹಲಕಾರರು, ಅಂದರೆ ಗುಮಾಸ್ತರು. ನಿಜಾಮರ ಸರಕಾರದಲ್ಲಿ ಹುಟ್ಟಿದ್ದು, ಸತ್ತದ್ದು, ಹೊಲ ಮಾರಿದ್ದು ಎಲ್ಲವೂ ಉರ್ದುವಿನಲ್ಲೇ ಬರೆಯಬೇಕು. ಆದ್ದರಿಂದ ಹೆಸರು ಉರ್ದುವಿನಲ್ಲೂ ಚೆನ್ನಾಗಿ ಕೂರಬೇಕು, ಇಲ್ಲದಿದ್ದರೆ ಕಾಗದದಲ್ಲಿ ಒಬ್ಬ, ತೊಟ್ಟಿಲಲ್ಲಿ ಇನ್ನೊಬ್ಬ ಆಗುತ್ತಾನೆ ಎಂದು ಅವರು ಕನ್ನಡಕ ಒರೆಸುತ್ತ ಹೇಳಿದರು. ಇಬ್ಬರೂ ಸೇರಿ ಪಡಸಾಲೆಯಲ್ಲಿ ಗುಣುಗುಣು ಮಾಡುತ್ತ ಕುಳಿತರೆ ಹೊರಗಿನವರಿಗೆ ಯಾರೋ ಮಂತ್ರ ಹೇಳುತ್ತಿದ್ದಾರೆ ಎನಿಸಬೇಕು. ನನ್ನ ಮಂತ್ರ ಮಾತ್ರ ಕೆಟ್ಟಿತು. ಮುಂಜಾನೆ ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕುಳಿತು ‘ಹರ ಹರ’ ಎಂದರೆ, ಹ ನಡೆಯುವುದಿಲ್ಲ, ರ ಮೊದಲೇ ನಡೆಯುವುದಿಲ್ಲ ಎಂದು ಮನಸ್ಸು ಹೇಳುತ್ತಿತ್ತು. ಗಲ್ಲ ಗಲ್ಲ ಬಡಿದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಒಂದು ದಿನ ತಾಳ್ಮೆ ಮುಗಿದು, ಅವರ ಬಾಯಿ ಅವರದು, ಹೇಗಾದರೂ ಕರೆದುಕೊಳ್ಳಲಿ, ನಿನಗೇನು ಎಂದು ತಮ್ಮನನ್ನು ಗದರಿಸಿದೆ. ಅವನು ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತ ತಲೆ ಎತ್ತದೆ ಹೇಳಿದ:

“ಅಕ್ಕಾ, ಅಪ್ಪ ನನಗ ಗುರುಶಾಂತ ಅಂತ ಇಟ್ಟ. ಒಬ್ಬ ಸಾಹೇಬ ಗುಕ್‌ಶಾಂ ಅಂತಾನ, ಇನ್ನೊಬ್ಬ ಗ್ಯಾರಿ ಅಂತಾನ. ದಿನಾ ಮುಂಜಾನಿ ಆಫೀಸಿಗೆ ಹೋದಕೂಡಲೆ ಇಬ್ಬರೂ ಕೂಡಿ ನನ್ನ ಎರಡ ತುಂಡು ಮಾಡ್ತಾರ. ಸಂಜಿಗೆ ಮನಿಗೆ ಬಂದು ನಾನ ಕೂಡಿಸ್ಕೋಬೇಕು. ನನ್ನ ಮಗಗ ಅದು ಬ್ಯಾಡ.”

ಇಷ್ಟು ಕೇಳಿದ ಮೇಲೆ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ, ತುಪ್ಪ ಸ್ವಲ್ಪ ಹೆಚ್ಚಾಗಿಯೇ ಬಿತ್ತು. ಆದರೆ ಮನಸ್ಸು ಬದಲಿಸಲಿಲ್ಲ.

ಏಕೆಂದರೆ ನನ್ನ ಮನಸ್ಸಿನಲ್ಲಿ ಹೆಸರು ಆಗಲೇ ಇತ್ತು: ಹಂಪಣ್ಣ. ಅದು ನಮ್ಮ ಅಪ್ಪನ ಹೆಸರು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಆಮೇಲೆ ಹುಟ್ಟಿದ ಮೊದಲ ಗಂಡು ಕೂಸು ಇದು. ಮಗನ ಮಗನಿಗೆ ಅಜ್ಜನ ಹೆಸರು ಇಡದೆ ಇನ್ಯಾರ ಹೆಸರು ಇಡುತ್ತಾರೆ? ಮುದಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಉಸುಕು ಹರವಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವನು ಅಪ್ಪ. ಹೆಣ್ಣುಮಗಳಿಗೆ ಯಾಕಪ್ಪಾ ಅಕ್ಷರ ಎಂದು ಕೇಳಿದವರಿಗೆ, ಪುರಾಣ ಓದಿ ನನಗೆ ಹೇಳಲಿ ಎಂದು ಉತ್ತರ ಕೊಟ್ಟವನು. ಅವನ ಹೆಸರಿನ ಮೊದಲಕ್ಷರ ಯಾವುದೋ ಸಾಹೇಬನಿಗೆ ಬರುವುದಿಲ್ಲ ಎಂದು ಆ ಹೆಸರನ್ನೇ ಬಿಡುವುದೆ? ತಮ್ಮ ಹೌದೆನ್ನಲಿ, ಅಲ್ಲವೆನ್ನಲಿ, ಅಧಿಕಾರ ನನ್ನದು. ತೊಟ್ಟಿಲ ಶಾಸ್ತ್ರದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ತಂದೆಯ ಅಕ್ಕತಂಗಿ. ಗಂಡಸರು ಪಡಸಾಲೆಯಲ್ಲಿ ಕುಳಿತು ಎಷ್ಟು ಭಾಷೆಯಲ್ಲಾದರೂ ಗುಣುಗುಣು ಮಾಡಲಿ, ಕೊನೆಗೆ ಕೂಸಿನ ಕಿವಿಗೆ ಬಾಯಿ ಇಡುವವಳು ಸೋದರತ್ತೆ. ನಾನು ಕೂಸಿನ ತಲೆಗೆ ಕುಲಾವಿ ಹೊಲಿಯುತ್ತ ಕಾದೆ. ಕುಲಾವಿಗೆ ಜರಿ ಅಂಚು ಹಚ್ಚಿದೆ; ಹಳೆಯ ರೇಷ್ಮೆ ಕುಪ್ಪಸ ಒಂದು ಅದಕ್ಕೆ ಸರಿಯಾಗಿ ಸಾಕಾಯಿತು, ಅದೂ ದೇವರ ಕರುಣೆಯೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನನ್ನ ಸ್ವಂತ ಸಂಗತಿ ಹೇಳಬೇಕು. ನನ್ನ ಮಗನಿಗೆ ಅವನ ಅಜ್ಜನ ಹೆಸರು, ಅಂದರೆ ನಮ್ಮ ಮಾವನವರ ಹೆಸರು. ಅವನ ತೊಟ್ಟಿಲ ದಿನ ನಮ್ಮ ನಾದಿನಿ ಬಹಳ ಸಂತೋಷದಿಂದ ಅವನ ಕಿವಿಯಲ್ಲಿ ಅದನ್ನು ಹೇಳಿದಳು. ಮಾವನವರ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು, ಅದು ನಿಮಗೂ ಗೊತ್ತು. ಗಂಡನ ಹೆಸರನ್ನಾದರೆ ಮದುವೆ ಮುಂಜಿಯಲ್ಲಿ ನಾಲ್ಕು ಹೆಂಗಸರು ಬಾಗಿಲು ಕಟ್ಟಿ ನಿಂತಾಗ ಒಡಪು ಕಟ್ಟಿ, ಪದ್ಯದೊಳಗೆ ಬಚ್ಚಿಟ್ಟು ಹೇಳಬಹುದು. ಮಾವನವರ ಹೆಸರಿಗೆ ಆ ಕಿಂಡಿಯೂ ಇಲ್ಲ. ಹೀಗಾಗಿ ನಾನು ಹೆತ್ತ ಮಗನನ್ನು ಇಂದಿನವರೆಗೆ ನಾನು ಹೆಸರು ಹಿಡಿದು ಕರೆದಿಲ್ಲ. ಇಲ್ಲಿ ಬರೆಯಲೂ ಕೈ ಏಳುತ್ತಿಲ್ಲ. ದಕ್ಷನ ಯಜ್ಞ ಕೆಡಿಸಲು ಶಿವನ ಜಡೆಯಿಂದ ಎದ್ದು ಬಂದವನ ಹೆಸರು ಎಂದರೆ ನೀವೇ ತಿಳಿದುಕೊಳ್ಳುತ್ತೀರಿ.

ಮನೆಯೊಳಗೆ ಇದರಿಂದ ತೊಂದರೆಯಿಲ್ಲ. ‘ಹಿರಿಯಾ’ ಎನ್ನುತ್ತೇನೆ, ‘ಏ ಇವನೇ’ ಎನ್ನುತ್ತೇನೆ, ಬಳೆ ಸದ್ದು ಮಾಡುತ್ತೇನೆ. ತೊಂದರೆಯಾದದ್ದು ಸಂತೆಯಲ್ಲಿ. ಅವನು ಸಣ್ಣವನಿದ್ದಾಗ ಲಿಂಗಸುಗೂರಿನ ಸಂತೆಯಲ್ಲಿ ನನ್ನ ಸೆರಗು ಬಿಟ್ಟು ಚುರುಮುರಿಯವನ ಹಿಂದೆ ನಡೆದುಬಿಟ್ಟ. ನಾನು ‘ಏ ತಮ್ಮಾ’ ಎಂದು ಕೂಗಿದೆ. ಸಂತೆಯಲ್ಲಿದ್ದ ತಮ್ಮಂದಿರೆಲ್ಲ ತಿರುಗಿ ನೋಡಿದರು, ನನ್ನವನು ನೋಡಲಿಲ್ಲ. ಎದುರಿನಿಂದ ಟಾಂಗಾ ಬರುತ್ತಿತ್ತು. ಹೆಸರು ಗಂಟಲಿನವರೆಗೆ ಬಂದು ಅಲ್ಲೇ ಗಂಟು ಬಿತ್ತು; ಮಾವನವರ ಮೀಸೆ ಕಣ್ಣ ಮುಂದೆ ಬಂತು. ಪಕ್ಕದಲ್ಲಿ ನಮ್ಮ ನೆರೆಮನೆಯ ಮಾಲನಬಿ ಉಳ್ಳಾಗಡ್ಡಿ ಆರಿಸುತ್ತಿದ್ದಳು. ಅವಳ ತೋಳು ಹಿಡಿದು ಅಲುಗಿಸಿದೆ. ಅವಳು ಒಂದು ಸಲ ನನ್ನ ಮುಖ ನೋಡಿ, ಒಂದು ಸಲ ಟಾಂಗಾ ನೋಡಿ, ಇಡೀ ಸಂತೆ ನಿಲ್ಲುವಂತೆ ನಮ್ಮ ಮಾವನವರ ಹೆಸರು ಹಿಡಿದು ಕೂಗಿದಳು. ಹುಡುಗ ನಿಂತ. ಟಾಂಗಾ ಹೋಯಿತು. ಮಾವನವರು ಆಗ ಬದುಕಿದ್ದರು; ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಅವರೂ ಎದ್ದು ನಿಂತರಂತೆ.

ಅಂದಿನಿಂದ ಉಪ್ಪು, ಹೆಪ್ಪು, ಬೆಂಕಿ ತರುವ ಹಾಗೆ ನಾನು ಮಾಲನಬಿಯ ಬಾಯಿಯನ್ನೂ ಕಡ ತರುತ್ತ ಬಂದಿದ್ದೇನೆ. ಸಂಜೆ ಹುಡುಗ ಆಟಕ್ಕೆ ಹೋದವನು ಬರದಿದ್ದರೆ ನಡುಗೋಡೆಯ ಹತ್ತಿರ ಹೋಗಿ ಕೆಮ್ಮುತ್ತೇನೆ. ಅವಳು ಗೋಡೆಯ ಆಚೆಯಿಂದ ಅವನ ಹೆಸರು ಕೂಗಿ ‘ಅಮ್ಮಾ ಬುಲಾರೈ ತುಜೆ’, ನಿಮ್ಮವ್ವ ಕರೆಯುತ್ತಿದ್ದಾಳೆ, ಎನ್ನುತ್ತಾಳೆ. ಒಮ್ಮೆ ಬೇಸತ್ತು ಹೇಳಿದ್ದುಂಟು:

“ಏನ್ ಅವ್ವಾ ನೀನು, ಮಗಾ ಹಡದಾಕಿ ನೀ, ಅವನ ಹೆಸರು ಹೊತ್ಕೊಂಡು ತಿರಗಾಕಿ ನಾನಾ?”

ನಾನು ಅವಳಿಗೆ ಒಂದು ಬಟ್ಟಲು ಮೊಸರು ಕೊಟ್ಟು ಸಮಾಧಾನ ಮಾಡಿದೆ. ಇದನ್ನು ನಗುವ ಸಂಗತಿಯೆಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ತಮ್ಮನ ಹೆಂಡತಿ ನೀಲವ್ವನಿಗೂ ಅವಳು ಹೊಸ ಸೊಸೆಯಾಗಿದ್ದಾಗ ಹೇಳಿದ್ದೆ. ಅವಳೂ ನಕ್ಕಿದ್ದಳು, ಅಥವಾ ನಕ್ಕಳೆಂದು ನಾನು ತಿಳಿದಿದ್ದೆ.

ಈಗ ಮತ್ತೆ ಹೆಸರಿಗೆ ಬರುತ್ತೇನೆ. ಕೊನೆಗೂ ದಾರಿ ಹುಡುಕಿದವರು ನಮ್ಮ ಮನೆಯವರು. ಒಂದು ಮಧ್ಯಾಹ್ನ ಕಚೇರಿಯಿಂದ ಬಂದವರು ಪೇಟ ತೆಗೆಯದೆಯೇ, ಹಂಪೆಯ ದೇವರು ಯಾರು ಎಂದು ತಮ್ಮನನ್ನು ಕೇಳಿದರು. ವಿರೂಪಾಕ್ಷ ಎಂದ ಅವನು. ಅವನ ಇನ್ನೊಂದು ಹೆಸರು? ಪಂಪಾಪತಿ. ಹಂಪಣ್ಣ ಎಂದರೂ ಅದೇ ದೇವರು, ಪಂಪಾಪತಿ ಎಂದರೂ ಅದೇ ದೇವರು. ಹಕಾರವಿಲ್ಲ, ರಕಾರವಿಲ್ಲ, ಣ ಇಲ್ಲ, ಳ ಇಲ್ಲ. ತಮ್ಮ ಮೂಗಿನಲ್ಲಿ ಹೇಳಿ ನೋಡಿದ, ತುಟಿಯಲ್ಲಿ ಹೇಳಿ ನೋಡಿದ. ಉದ್ದವೆನಿಸಿದರೆ ಪಂಪಾ ಎಂದರಾಯಿತು. ಉರ್ದುವಿನಲ್ಲಿ ನಮ್ಮ ಮನೆಯವರು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು, ಅಲ್ಲೂ ಅಂದವಾಗಿ ಕೂತಿತು. ಅಪ್ಪನ ಹೆಸರು ಉಳಿಯಿತು, ಸಾಹೇಬರ ಬಾಯಿಯೂ ಉಳಿಯಿತು. ನನಗೆ ಕಣ್ಣಲ್ಲಿ ನೀರು ಬಂತು. ಅಂದು ಕಡಲೆಬೇಳೆ ಹೂರಣ ಕುದಿಸಿ ಹೋಳಿಗೆ ಮಾಡಿದೆ. ಎಲ್ಲರಿಗೂ ಒಪ್ಪಿಗೆಯಾದ ಹೆಸರೊಂದು ಸಿಕ್ಕಿತಲ್ಲ ಎಂದು ನಡುಗೋಡೆಯ ಮೇಲಿನಿಂದ ಮಾಲನಬಿಗೂ ಎರಡು ಕೊಟ್ಟೆ. ಎಲ್ಲರೂ ಎಂದರೆ ಪಡಸಾಲೆಯಲ್ಲಿದ್ದ ಇಬ್ಬರು ಗಂಡಸರು ಮತ್ತು ಒಲೆಯ ಮುಂದಿದ್ದ ನಾನು.

ತಮ್ಮ ಮುಂಚೆಯೇ ಸಿಂಧನೂರಿಗೆ ಹೋದ. ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ನಾನೂ ನಮ್ಮ ಮನೆಯವರೂ ಸಿಂಧನೂರಿನ ಮೋಟಾರು ಹತ್ತಿದೆವು. ಮೋಟಾರು ಮಸ್ಕಿಯವರೆಗೆ ಬಂದು, ನೀರು ಕುದಿದು, ಹೊಗೆ ಬಿಟ್ಟು ನಿಂತಿತು. ನಿಂತದ್ದು ಬೇವಿನ ಮರದ ಕೆಳಗೆ, ಅಷ್ಟರಮಟ್ಟಿಗೆ ನಮ್ಮ ಪುಣ್ಯ. ಎದುರಿಗೆ ಗುಡ್ಡ, ಗುಡ್ಡದ ಮೇಲೆ ಮಲ್ಲಯ್ಯ. ಹತ್ತಲು ಹೊತ್ತಿಲ್ಲದೆ ಕೆಳಗಿನಿಂದಲೇ ಕೈ ಮುಗಿದೆ. ನಮ್ಮ ಮನೆಯವರು ಗುಡ್ಡದ ಇನ್ನೊಂದು ಕಡೆ ಬೆರಳು ತೋರಿಸಿ, ಅಲ್ಲೊಂದು ಬಂಡೆಯಿದೆ, ಅದರ ಮೇಲೆ ಬಹಳ ಹಿಂದಿನ ರಾಜನೊಬ್ಬ ಬರೆಯಿಸಿದ ಅಕ್ಷರಗಳಿವೆ ಎಂದರು. ಸಾಹೇಬರು ನೋಡಲು ಬಂದಾಗ ಬಂದೋಬಸ್ತಿಗೆಂದು ಇವರೂ ಹೋಗಿದ್ದರಂತೆ. ಆ ರಾಜ ದೇಶದ ತುಂಬ ಬಂಡೆಗಳ ಮೇಲೆ ಬರೆಯಿಸಿದ್ದಾನೆ. ಎಲ್ಲ ಕಡೆಯೂ ‘ದೇವರಿಗೆ ಬೇಕಾದವನು ಹೀಗೆ ಹೇಳುತ್ತಾನೆ’ ಎಂದಿದೆಯೇ ಹೊರತು ಹೆಸರಿಲ್ಲ. ದೇವರಿಗೆ ಬೇಕಾದವನು ಯಾರು ಎಂದು ಓದಿದವರೆಲ್ಲ ತಲೆ ಕೆರೆದುಕೊಂಡರಂತೆ. ಈ ಮಸ್ಕಿಯ ಬಂಡೆಯ ಮೇಲೆ ಮಾತ್ರ ಹೆಸರು ಹಿಡಿದು ಬರೆದಿದೆ. ಹೆಸರೇನೆಂದು ಕೇಳಿದೆ, ಹೇಳಿದರು. ಇಲ್ಲಿ ಆ ಹೆಸರು ಸಿಕ್ಕ ಮೇಲೆಯೇ ಅವನು ಯಾರೆಂದು ಲೋಕಕ್ಕೆ ಖಚಿತವಾದದ್ದು.

ನನಗೆ ನಗು ಬಂತು. ದೇಶದ ಬಂಡೆಗಳೆಲ್ಲ ಸೊಸೆಯಂದಿರು. ‘ನಮ್ಮ ಮನೆಯವರು’, ‘ಹಿರಿಯರು’, ‘ಆ ದೊಡ್ಡವರು’ ಎಂದು ಸುತ್ತು ಬಳಸಿ ಹೇಳಿ ಸೆರಗು ಎಳೆದುಕೊಂಡು ನಿಂತಿವೆ. ನಮ್ಮ ಮಸ್ಕಿಯ ಬಂಡೆಯೊಂದೇ ತವರುಮನೆಯ ಹೆಣ್ಣುಮಗಳ ಹಾಗೆ ಬಾಯಿ ತುಂಬ ಹೆಸರು ಹೇಳಿದೆ. ಇದನ್ನು ನಮ್ಮ ಮನೆಯವರಿಗೆ ಹೇಳಿದರೆ, ಶಾಸನವೆಂದರೆ ಹಾಗಲ್ಲ ಎಂದು ಪಾಠ ಶುರು ಮಾಡಿದರು. ಅಷ್ಟರಲ್ಲಿ ಮೋಟಾರು ಗುರುಗುಟ್ಟಿತು, ಬದುಕಿದೆ.

ಸಿಂಧನೂರಿನಲ್ಲಿ ನೀಲವ್ವನ ತವರುಮನೆ ತುಂಬಿತ್ತು. ಅವಳ ತಾಯಿ ಈರಮ್ಮ ಗುಗ್ಗರಿಗೆ ಕಡಲೆ ನೆನೆ ಹಾಕಿದ್ದಳು. ತಮ್ಮ ಬಂದವರಿಗೆಲ್ಲ ಪಂಪಾಪತಿ ಎಂಬ ಹೆಸರನ್ನು ಮೂರು ಭಾಷೆಯಲ್ಲಿ ಹೇಳಿ ತೋರಿಸುತ್ತ ಓಡಾಡುತ್ತಿದ್ದ. ಬಚ್ಚಲಲ್ಲಿ ಕೂಸಿಗೆ ಎರೆಯಲು ನಾನೇ ಕುಳಿತೆ. ನೀಡಿದ ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿದೆ. ನೀಲವ್ವ ತಂಬಿಗೆಯಲ್ಲಿ ನೀರು ಹದ ಮಾಡಿ ಕೊಡುತ್ತಿದ್ದಳು. ಮೂಗು ನೇರ ನಮ್ಮ ಅಪ್ಪನದು. ನೋಡು ನೀಲವ್ವಾ, ಹೆಸರಿಗೆ ತಕ್ಕ ಮೂಗು ಎಂದೆ. ಅವಳು ತಂಬಿಗೆ ನನ್ನ ಕೈಗೆ ಕೊಟ್ಟು, ಮತ್ತೊಂದು ತಂಬಿಗೆ ತುಂಬಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು:

“ಅಕ್ಕಾರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಊರಾಗ ನಮ್ಮ ಮನಿ ಮುಂದ ಸಮುದ್ರ ಐತಿ. ಇವ ನಡಿಯಾಕ ಕಲ್ತು ಆ ಕಡೆ ಓಡಿದ್ರ, ನಾ ಏನಂತ ಒದರಲಿ?”

ನನ್ನ ಕೈ ನಿಂತಿತು.

“ಹೆಂಗ ತಿರುವಿ ಇಟ್ರೂ ಅದು ಮಾವನವರ ಹೆಸರ ಅಲ್ರಿ. ಆ ದೇವರ ಊರಿಗೆ ಹೋಗಿ ಬಂದ್ರೂ ಊರಿನ ಹೆಸರು ಹೇಳದ, ನಾ ಹೊಳಿ ದಂಡಿ ದೇವರಿಗೆ ಹೋಗಿದ್ದೆ ಅಂತೀನಿ. ಇಬ್ಬರೂ ಸಾಹೇಬ್ರು ಇವನ್ನ ಹೆಸರು ಹಿಡದು ಕರೀತಾರ. ಹಡದಾಕಿ ನಾ ಕರಿಯಂಗಿಲ್ಲ. ನಿಮಗರೆ ಮಾಲನಬಿ ಇದ್ದಾಳ. ನನಗ ಅಲ್ಲಿ ಯಾರದಾರ್ರಿ?”

ಕೂಸು ತಣ್ಣಗಾಗಿ ಅಳತೊಡಗಿತು. ಗಡಬಡಿಸಿ ಎರಡು ತಂಬಿಗೆ ನೀರು ಸುರಿದು, ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ನನಗೆ ಸಿಟ್ಟು ಬಂದಿತ್ತು ನಿಜ. ಅವಳ ಮೇಲಲ್ಲ. ಇಷ್ಟು ದಿನ ಸಾಣಿಗೆಯ ಮೇಲೆ ಸಾಣಿಗೆ ಹಿಡಿದೆವು. ದಿನಕ್ಕೆ ನೂರು ಸಲ ಆ ಹೆಸರು ಕರೆಯಬೇಕಾದ ಬಾಯಿಯನ್ನು ಒಬ್ಬರೂ ಕೇಳಲಿಲ್ಲ. ಗಂಡಸರಿಗೆ ಹೊಳೆಯಲಿಲ್ಲ, ಹೋಗಲಿ. ಟಾಂಗಾದ ಮುಂದೆ ನಿಂತು ಬಾಯಿ ಕಟ್ಟಿದವಳು ನಾನು, ನನಗಾದರೂ ಹೊಳೆಯಬಾರದೆ? ನಾನು ನನ್ನ ನಾದಿನಿಯ ಕೆಲಸವನ್ನೇ ಅವಳಷ್ಟೇ ಸಂತೋಷದಿಂದ ಮಾಡಲು ಕುಲಾವಿಗೆ ಜರಿ ಹಚ್ಚಿಕೊಂಡು ಬಂದಿದ್ದೆ.

ಬಾಯಿಗೆ ಬಂದ ಮಸ್ಕಿಯ ಬಂಡೆಯ ಕಥೆ ಹೇಳಿದೆ. ಬೇರೆ ಬಂಡೆಗಳು ಸೊಸೆಯಂದಿರು, ಇದೊಂದು ಮನೆಮಗಳು ಎಂದೆ. ನೀಲವ್ವ ಕೂಸಿಗೆ ಲೋಬಾನದ ಹೊಗೆ ಹಾಕುತ್ತಿದ್ದವಳು ಈ ಸಲ ನಿಜವಾಗಿಯೇ ನಕ್ಕಳು. ಆಮೇಲೆ ಆ ರಾಜನ ಹೆಸರೇನೆಂದು ಕೇಳಿದಳು. ಅಶೋಕ ಎಂದೆ. ಅಂದರೆ ಶೋಕವಿಲ್ಲದವನು.

ಅವಳು ಕೂಸಿನ ತಲೆ ಒರೆಸುತ್ತ ಮೆಲ್ಲಗೆ ಒಮ್ಮೆ ಹೇಳಿ ನೋಡಿದಳು. ಬಿಸಿ ಹಾಲು ತುಟಿಗೆ ತಾಗಿಸಿ ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

“ನಮ್ಮ ಮನ್ಯಾಗ ಈ ಹೆಸರಿನಾವ್ರು ಯಾರೂ ಇಲ್ಲಲ್ರಿ ಅಕ್ಕಾರ?”

ಇಬ್ಬರೂ ಕುಳಿತು ನೆನೆಸಿದೆವು. ನಮ್ಮ ಕಡೆ ಮುತ್ತಜ್ಜನವರೆಗೆ, ದೊಡ್ಡಪ್ಪ ಚಿಕ್ಕಪ್ಪಂದಿರವರೆಗೆ. ಅವಳ ಕಡೆ ಸೋದರಮಾವಂದಿರವರೆಗೆ. ಹಂಪಣ್ಣಂದಿರು, ಬಸಣ್ಣಂದಿರು, ಈರಣ್ಣಂದಿರು, ಅಮರಪ್ಪಂದಿರು. ಅಶೋಕ ಒಬ್ಬನೂ ಇರಲಿಲ್ಲ. ಆ ಹೆಸರಿನೊಳಗೆ ಮೀಸೆ ತಿರುವಿಕೊಂಡು ಕುಳಿತ ಹಿರಿಯರು ಯಾರೂ ಇರಲಿಲ್ಲ. ಯಾರೂ ಒಕ್ಕಲಿರದ ಖಾಲಿ ಮನೆ ಅದು, ಕೂಸು ನೆಟ್ಟಗೆ ಒಳಗೆ ಹೋಗಿ ಮಲಗಬಹುದು.

ಹೀಗೆಂದು ಮನಸ್ಸು ಕೂಡಲೆ ಒಪ್ಪಿತೆಂದು ತಿಳಿಯಬೇಡಿ. ಮರುದಿನ ಮುಂಜಾನೆ ಹೆಂಗಸರೆಲ್ಲ ತೊಟ್ಟಿಲ ಸುತ್ತ ಕೂಡಿದಾಗಲೂ ನನ್ನ ಬಾಯಲ್ಲಿ ಎರಡು ಹೆಸರಿದ್ದವು. ತೊಟ್ಟಿಲ ಕೆಳಗಿನಿಂದ ಕೂಸನ್ನು ಕೊಟ್ಟು ಮೇಲಿನಿಂದ ತೆಗೆದುಕೊಳ್ಳುವ ಶಾಸ್ತ್ರ ನಡೆಯುತ್ತಿತ್ತು. ನನಗೆ ಅಪ್ಪನ ನೆನಪಾಯಿತು. ಅಪ್ಪ ಹೊಲದಿಂದ ಬರುವಾಗ ಓಣಿಯ ತಿರುವಿನಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಕೆಲಸವೇನೂ ಇರುತ್ತಿರಲಿಲ್ಲ, ಬಂದೆನೆಂದು ತಿಳಿಸಲು ಅಷ್ಟೆ. ಮದುವೆಯಾದ ಮೇಲೆ ನಾನು ಎಲ್ಲರಿಗೂ ಅವ್ವ, ಅಕ್ಕ, ಚಿಗವ್ವ, ‘ಏ ಕೇಳಿಲ್ಲಿ’. ತವರಿಗೆ ಹೋದಾಗ ಅಪ್ಪನೊಬ್ಬ ಆ ಹೆಸರನ್ನು ಧೂಳು ಜಾಡಿಸಿ ಹೊರಗೆ ತೆಗೆಯುತ್ತಿದ್ದ. ಅವನು ಹೋದ ಮೇಲೆ ಅದನ್ನು ಕರೆಯುವವರಿಲ್ಲ. ಅಪ್ಪನ ಹೆಸರು ಅಳಿಯುತ್ತದೆ ಎಂದು ನಾನು ಇಷ್ಟು ದಿನ ಹೋರಾಡಿದ್ದೆ. ಆ ತೊಟ್ಟಿಲ ಮುಂದೆ ನಿಂತಾಗ ನನಗೆ ಬೇಕಾಗಿದ್ದದ್ದು ಅವನ ಹೆಸರಲ್ಲ, ಅವನ ಕೂಗು ಎನಿಸಿತು. ಹೆಸರನ್ನು ಎಲ್ಲಿ ಬೇಕಾದರೂ ಬರೆದಿಡಬಹುದು. ಕೂಗು ಮಾತ್ರ ಬಾಯಲ್ಲೇ ಇರಬೇಕು.

ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದರು. ನಾನು ಬಾಗಿದೆ. ಹುಣಸೆಬೀಜದಷ್ಟು ಕಿವಿ; ಫ್ರೆಂಚ್, ಇಂಗ್ಲಿಷ್, ಉರ್ದು ಯಾವುದರ ಸೋಂಕೂ ಇನ್ನೂ ತಾಗಿರಲಿಲ್ಲ. ಹೇಳಿದೆ. ಪದ್ಧತಿಯಂತೆ ಹೆಂಗಸರು ಬೆನ್ನಿಗೆ ಗುದ್ದಿದರು. ಈರಮ್ಮನ ಗುದ್ದು ಇಂದಿಗೂ ನೆನಪಿದೆ, ಅವಳದು ಬೀಸುವ ಕೈ. ಏನಂತಿಟ್ಟೆ ಹೇಳವ್ವಾ ಎಂದು ಎಲ್ಲರೂ ಕೇಳಿದರು. ನಾನು ಹೇಳಲಿಲ್ಲ. ತೊಟ್ಟಿಲ ತಲೆದೆಸೆಯಲ್ಲಿ ಸೆರಗು ಹೊದ್ದು ಕುಳಿತ ನೀಲವ್ವನನ್ನು ನೋಡಿ ಹೇಳಿದೆ:

“ಇಟ್ಟಾಕಿ ನಾನು. ಕರಿಯಾಕಿ ನೀನು. ಕರಿ ನಿನ್ನ ಮಗನ್ನ.”

ಅವಳು ಕರೆದಳು. ಮೊದಲ ಸಲ ನಮಗೆ ಕೇಳಿಸಲಿಲ್ಲ, ಎರಡನೆಯ ಸಲ ಹೊರಗಿನ ಪಡಸಾಲೆಗೂ ಕೇಳಿಸಿತು. ಕೂಸು ತಿರುಗಿ ನೋಡಿತು ಎಂದು ಬರೆಯಲು ಆಸೆಯಿದೆ, ಅದು ಸೀನಿತು.

ತಮ್ಮ ಬಾಗಿಲಲ್ಲಿ ಬಂದು ನಿಂತ. ಪಂಪಾಪತಿ ಎಲ್ಲಿ ಹೋದ ಎಂದು ಅವನ ಮುಖವೇ ಕೇಳುತ್ತಿತ್ತು. ಹೆಂಡತಿಯ ಕಡೆ ನೋಡಿದ. ಅವಳು ಎಂದೂ ಎತ್ತದ ತಲೆ ಎತ್ತಿ ಕೂಸಿನ ಜೊತೆ ಮಾತಾಡುತ್ತಿದ್ದಳು. ಅವನು ಹಿತ್ತಲಿಗೆ ಹೋದ. ಬಾವಿಕಟ್ಟೆಯ ಹತ್ತಿರ ಒಬ್ಬನೇ ನಿಂತು ಮೂಗಿನಲ್ಲಿ ಒಮ್ಮೆ, ತುಟಿಯಲ್ಲಿ ಒಮ್ಮೆ ಹೇಳುವುದು ಒಳಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಂದು ಹೇಳಿದ:

“ಎರಡ್ರಾಗೂ ನಡೀತದ, ಅಕ್ಕಾ.”

“ನಡೀಲಿಲ್ಲಂದ್ರೂ ನಡೀತಿತ್ತು, ತಗಿ. ಗುಗ್ಗರಿ ತಿನ್ನು.”

ನಮ್ಮ ಮನೆಯವರು ಉರ್ದುವಿನಲ್ಲಿ ಅದು ಅಲಿಫಿನಿಂದ ಶುರುವಾಗುತ್ತದೆ, ಬಹಳ ಶುಭ ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಈಗ ಕೂಸು ಪಾಂಡಿಚೇರಿಯಲ್ಲಿ ನಡೆಯಲು ಕಲಿತಿದೆ. ತಮ್ಮ ಮೊನ್ನೆ ಕಾರ್ಡು ಬರೆದಿದ್ದ. ಫ್ರೆಂಚ್ ಸಾಹೇಬ ಕೊನೆಯ ಅಕ್ಷರವನ್ನು ಜಗ್ಗಿ ಜಗ್ಗಿ ಅಶೋಕಾ ಎನ್ನುತ್ತಾನಂತೆ, ಇಂಗ್ಲಿಷ್ ಸಾಹೇಬ ಮೊದಲನೆಯದನ್ನು ನುಂಗಿ ಶೋಕರ್ ಎನ್ನುತ್ತಾನಂತೆ. ಮೂರು ತಿಂಗಳು ಸಾಣಿಸಿದ್ದಕ್ಕೆ ಸಿಕ್ಕ ಫಲ ಇದು. ಸಿಂಧನೂರಿನಲ್ಲಿ ಈರಮ್ಮ ಅವನನ್ನು ಅಸೋಗಪ್ಪ ಎನ್ನುತ್ತಾಳೆ, ಅದಕ್ಕೆ ಯಾವ ಸಾಹೇಬನ ಹಂಗೂ ಇಲ್ಲ. ಕಾರ್ಡಿನ ತುದಿಯಲ್ಲಿ ತಮ್ಮ ಒಂದು ಸಾಲು ಸೇರಿಸಿದ್ದ: ನೀಲವ್ವ ದಂಡೆಯ ಮೇಲೆ ನಿಂತು ಮಗನನ್ನು ಕರೆದರೆ ಮೀನುಗಾರರು ದೋಣಿ ನಿಲ್ಲಿಸಿ ನೋಡುತ್ತಾರೆ, ಅವಳಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಕಾರ್ಡನ್ನು ದೇವರ ಮುಂದೆ ಇಟ್ಟು ದೀಪ ಹಚ್ಚಿದೆ. ಹಚ್ಚುವಾಗ ಅಪ್ಪನ ಹೆಸರನ್ನು ಬಾಯಿ ತುಂಬ ಹೇಳಿದೆ. ನಾನು ಅವನ ಮಗಳು, ನನ್ನನ್ನು ತಡೆಯುವವರು ಯಾರು?

ನನ್ನ ಮಗನಿಗೂ ಮೀಸೆ ಚಿಗುರುತ್ತಿದೆ. ನಾಳೆ ಅವನ ಮದುವೆಯಾಗಿ ಗಂಡು ಕೂಸಾದರೆ ಪದ್ಧತಿಯಂತೆ ಅಜ್ಜನ ಹೆಸರು, ಅಂದರೆ ಈಗ ಪಡಸಾಲೆಯಲ್ಲಿ ಕನ್ನಡಕ ಒರೆಸುತ್ತ ಕುಳಿತವರ ಹೆಸರು. ಮಗನಾಯಿತು, ಮೊಮ್ಮಗನನ್ನೂ ‘ಏ ಇವನೇ’ ಎಂದೇ ಕರೆಯಬೇಕಾಗುತ್ತದೆ. ಆದ್ದರಿಂದ ಮೊನ್ನೆ ಊಟಕ್ಕೆ ಬಡಿಸುವಾಗಲೇ ಹೇಳಿಬಿಟ್ಟೆ, ನಿಮ್ಮ ಹೆಸರು ನಿಮ್ಮಲ್ಲೇ ಇರಲಿ, ಕೂಸಿಗೆ ಬೇಡ ಎಂದು. ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಕಾರಣ ಕೇಳಿದರು. ಮಾಲನಬಿಗೆ ವಯಸ್ಸಾಯಿತು, ಗೋಡೆಯ ಆಚೆಯಿಂದ ಕೂಗಿದರೆ ದಮ್ಮು ಹತ್ತುತ್ತದೆ, ಇನ್ನೆಷ್ಟು ದಿನ ಅವಳ ಬಾಯಿ ಕಡ ತರಲಿ ಎಂದೆ.